ವೈಪರಿನ ಕೆಳಗಿನ ಬಂಗಾರ

ನಮ್ಮ ಕಾರಿಗೆ ಮಾನ ಮರ್ಯಾದೆ ಎಂಬುದು ಇರಲಿಲ್ಲ. ಕೆಟ್ಟು ನಿಲ್ಲುವುದಾದರೆ ಮನೆಯ ಮುಂದೆ ನಿಲ್ಲಬೇಕು, ಇಲ್ಲವೇ ಹುಬ್ಬಳ್ಳಿ ಮುಟ್ಟಿಸಿ ನಿಲ್ಲಬೇಕು. ಇದು ಚಿಕ್ಕನರಗುಂದದ ಆಸುಪಾಸಿನಲ್ಲಿ, ಎರಡೂ ಕಡೆ ಕರಿ ಹೊಲ ಬಿಟ್ಟರೆ ನೆರಳಿಗೊಂದು ಗಿಡವೂ ಇಲ್ಲದ ಜಾಗ ಹುಡುಕಿ ನಿಲ್ಲುತ್ತಿತ್ತು. ಮೊದಲು ದಮ್ಮು ಹೋಗುತ್ತಿತ್ತು. ಎಕ್ಸಿಲರೇಟರ್ ಎಷ್ಟು ತುಳಿದರೂ ಎತ್ತಿನ ಬಂಡಿಯ ನಡಿಗೆ. ಆಮೇಲೆ ಸ್ಟೇರಿಂಗ್ ಮುಂದಿನ ಎಚ್ಚರಿಕೆ ದೀಪಗಳೆಲ್ಲ ಒಟ್ಟಿಗೇ ಹತ್ತಿ ಇಂಜಿನ್ ಬಂದ್. ಸ್ವಲ್ಪ ಹೊತ್ತು ಬಿಟ್ಟು ಚಾವಿ ತಿರುಗಿಸಿದರೆ ಏನೂ ಆಗದವರ ಹಾಗೆ ಚಾಲೂ ಆಗುತ್ತಿತ್ತು. ನನಗೆ ಮೈ ಉರಿದುಹೋಗುತ್ತಿತ್ತು.

ಹುಬ್ಬಳ್ಳಿಯ ಹತ್ತಿ ವ್ಯಾಪಾರಿಯೊಬ್ಬರು ಹಳೆಯದಾಯಿತೆಂದು ಕೈಬಿಟ್ಟ ಜರ್ಮನ್ ಕಾರು ಅದು. ರೋಣದ ಪೇಟೆಯಲ್ಲಿ ಕಡಲೆ, ಹೆಸರು ಮಾರಿಸುವ ದಲಾಲಿಗೆ ಇಂಥ ಗಾಡಿ ಯಾಕೆ ಬೇಕಿತ್ತು ಎಂದು ಅಂಗಡಿಕಾರರೆಲ್ಲ ಆಡಿಕೊಂಡರು. ಶೋಕಿಗೇ ತಂದಿದ್ದೆ, ಸುಳ್ಳೇಕೆ. ಆದರೆ ಹೆಂಡತಿಯ ರೋಗ ಬೆನ್ನೆಲುಬಿಗೆ ಇಳಿದ ಮೇಲೆ ಆ ಶೋಕಿಯೇ ನಮಗೆ ಆಧಾರವಾಯಿತು. ಮುಂದಿನ ಸೀಟನ್ನು ಪೂರ್ತಿ ಹಿಂದಕ್ಕೆ ಮಲಗಿಸಿದರೆ ಅವಳಿಗೆ ಕುಲುಕಾಟ ತಟ್ಟುತ್ತಿರಲಿಲ್ಲ. ಬಾಡಿಗೆ ಗಾಡಿಯಲ್ಲಿ ಒಮ್ಮೆ ಕರೆದೊಯ್ದಾಗ ನವಲಗುಂದ ಬರುವಷ್ಟರಲ್ಲಿ ಅವಳು ಸೆರಗು ಕಚ್ಚಿ ಹಿಡಿದಿದ್ದಳು. ಆಂಬುಲೆನ್ಸ್ ತರಿಸುತ್ತೇನೆಂದರೆ, "ಓಣಿ ಮಂದಿ ನೋಡಾಕ ಹೊರಗ ಬಂದ್ ನಿಂದರ್ತಾರ. ಅದರಾಗ ಮಾತ್ರ ಒಲ್ಲೆರಿ" ಎಂದಳು. ಹುಬ್ಬಳ್ಳಿಯ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಕರೆಂಟು, ಅಂದರೆ ರೇಡಿಯೇಶನ್, ಕೊಡಿಸಿಕೊಂಡು ಬಂದರೆ ನಾಲ್ಕು ದಿನ ಅವಳಿಗೆ ನೋವು ಕಡಿಮೆ, ನಿದ್ದೆ. ಹಾಗಾಗಿ ಕಾರು ನಡೆಯಬೇಕಿತ್ತು. ಅದು ನಡೆಯದಿದ್ದರೆ ಅವಳ ನಿದ್ದೆಯೂ ಇಲ್ಲ.

ರೋಣದ ಮಿಸ್ತ್ರಿ ಡೀಸೆಲ್ಲಿನಲ್ಲಿ ಕಸ ಅಂದ. ಟಾಕಿ ಇಳಿಸಿ ತೊಳೆದ, ಫಿಲ್ಟರ್ ಬದಲಿಸಿದ. ಮತ್ತೆ ನಿಂತಿತು. ಗಜೇಂದ್ರಗಡದ ಮಿಸ್ತ್ರಿ ಪಂಪು ಸತ್ತಿದೆ ಅಂದ, ಪಂಪು ಹೊಸದಾಯಿತು. ಗಾಡಿ ಹಳೆಯ ಚಾಳಿ ಬಿಡಲಿಲ್ಲ. ಹುಬ್ಬಳ್ಳಿಯಲ್ಲಿ ಕಂಪ್ಯೂಟರ್ ಹಚ್ಚಿ ನೋಡಿದರೆ ಅದು ಒಂದಲ್ಲ, ಮೈತುಂಬ ರೋಗ ತೋರಿಸಿತು. ಯಾವುದು ಖರೆ ಎಂದು ಕೇಳಿದರೆ ಅಲ್ಲಿಯವನೂ ತಲೆ ಕೆರೆದುಕೊಂಡ. ಪಕ್ಕದ ಅಂಗಡಿಯವರು ದೃಷ್ಟಿಯಾಗಿದೆ, ನಿಂಬೆಹಣ್ಣು ಕಟ್ಟು ಅಂದರು. ಕಟ್ಟಿದೆ. ನಿಂಬೆಹಣ್ಣು ಒಣಗಿತು, ಅಷ್ಟೇ.

ಇದರ ನಡುವೆ ಅವಳದೊಂದು ತಕರಾರು. ಕಾರಿನಲ್ಲಿ ಕೂತಾಗಲೆಲ್ಲ, "ಕಾಲು ತಣ್ಣಗ ಆಗಾಕತ್ತಾವ್ರಿ" ಎನ್ನುವಳು. ಔಷಧಿಗೆ ಕಾಲು ಜೋಮು ಹಿಡಿಯುತ್ತವೆ, ತಣ್ಣಗಾದಂತೆ ಅನ್ನಿಸುತ್ತದೆ ಎಂದು ಡಾಕ್ಟರು ಮೊದಲೇ ಹೇಳಿದ್ದರು. ನಾನು ಎಸಿ ಆರಿಸಿದೆ. ದಪ್ಪನೆಯ ಕಾಲುಚೀಲ ತಂದು ಹಾಕಿದೆ. ಆದರೂ ಅದೇ ಮಾತು. "ಎಷ್ಟ ಸಲ ಹೇಳ್ತೀ? ಅದು ಔಷಧಿದ್ದು" ಎಂದು ಒಂದು ಸಲ ಜೋರಾಗಿಯೇ ಗದರಿಸಿದೆ. ಆಮೇಲೆ ಅವಳು ಹೇಳುವುದನ್ನು ಬಿಟ್ಟಳು.

ಶ್ರಾವಣದ ಒಂದು ಮಧ್ಯಾಹ್ನ, ಮಳೆ ಬಂದು ಹೋದ ಮೇಲೆ, ಹುಬ್ಬಳ್ಳಿಯಿಂದ ತಿರುಗಿ ಬರುವಾಗ ಕಾರು ನರಗುಂದದ ಬಸ್ ಸ್ಟ್ಯಾಂಡಿನ ಸಮೀಪ ನಿಂತಿತು. ಅವಳಿಗೆ ಚಹಾ ತಂದುಕೊಟ್ಟು, ಕಾಲಾದರೂ ತಿಕ್ಕೋಣ ಎಂದು ಬಾಗಿಲ ಬಳಿ ಕುಕ್ಕರಗಾಲಿನಲ್ಲಿ ಕೂತು ಕಾಲುಚೀಲ ಎಳೆದೆ. ಹಿಂಡಿದರೆ ನೀರು ಇಳಿಯಿತು. ಕೆಳಗಿನ ಚಾಪೆ ಒತ್ತಿದೆ, ಪಚಕ್ ಎಂದಿತು. ಜೋಮು ಹಿಡಿದ ಕಾಲಿಗೆ ತಂಪು ಗೊತ್ತಾಗಿತ್ತು, ಒದ್ದೆ ಗೊತ್ತಾಗಿರಲಿಲ್ಲ. ಮೂರು ಊರಿನ ಮಿಸ್ತ್ರಿಗಳು ಕಂಡುಹಿಡಿಯದ್ದನ್ನು ಅವಳ ಕಾಲುಗಳು ಮಳೆಗಾಲ ಹಿಡಿದಂದಿನಿಂದ ಹೇಳುತ್ತಿದ್ದವು. ನನಗೆ ಅಳು ಬಂತು. ಚಹಾದ ಲೋಟ ವಾಪಸು ಕೊಡುವ ನೆಪ ಮಾಡಿ ಅತ್ತ ಹೋದೆ.

ಮರುದಿನ ಒಬ್ಬನೇ ಕಾರು ನಡೆಸಿಕೊಂಡು ಗಜೇಂದ್ರಗಡಕ್ಕೆ ಹೋದೆ. ರಾಜೂರಿನ ಹತ್ತಿರ ಒಮ್ಮೆ ನಿಂತು ದಣಿವಾರಿಸಿಕೊಂಡೇ ಬಂತು. ನೀರಿನ ವಿಷಯ ಹೇಳಿದೊಡನೆ ಮಿಸ್ತ್ರಿ ಚಾಪೆ ಕಿತ್ತ. ಅವಳು ಕಾಲಿಡುವ ಜಾಗದ ಕೆಳಗೇ ಒಂದು ಕಪ್ಪು ಡಬ್ಬಿ. ಗೇರು, ಇಂಜಿನ್ನು ಒಂದಕ್ಕೊಂದು ಮಾತಾಡುವುದು ಅದರ ಮೂಲಕವಂತೆ. ಅದು ನೀರಿನಲ್ಲಿ ಕೂತಿತ್ತು. ಪಿನ್ನುಗಳಿಗೆಲ್ಲ ಹಸಿರು ಕಿಲುಬು. ಈ ನೀರು ಎಲ್ಲಿಂದ ಬಂತು ಎಂದು ಅವನು ಮುಂದಿನ ಗಾಜಿನ ಬುಡದ ಜಾಲರಿ ಬಿಚ್ಚಿದ. ಮಳೆನೀರು ಕಾರಿನೊಳಗೆ ಬರದೆ ಕೆಳಗೆ ಇಳಿದುಹೋಗಲು ಅಲ್ಲಿ ಒಂದು ತೂತು ಇರುತ್ತದೆ. ಅದಕ್ಕೆ ಬೆರಳು ಹಾಕಿ, ಕೊಳೆತು ಕರ್ರಗಾದ ಎಲೆಯ ಮುದ್ದೆಯನ್ನು ಹೊರಗೆಳೆದ. ನಡುವೆ ಇನ್ನೂ ಗುರುತು ಸಿಗುವ ಸಣ್ಣ ಮುಳ್ಳಿನ ಕಡ್ಡಿಗಳು.

"ಇವು ಬನ್ನಿ ಅಲ್ರಿ ಸಾವ್ಕಾರ್ರ?" ಎಂದ.

ಬನ್ನಿಯೇ. ನಮ್ಮ ಕಡೆ ದಸರೆಯ ಸಂಜೆ ಬನ್ನಿ ಎಲೆ ಎಂದರೆ ಬಂಗಾರ. ಕೈಗೆ ಕೊಟ್ಟು, ಬಂಗಾರದ ಹಾಗೆ ಇರೋಣ ಎಂದು ಹರಸಿಕೊಳ್ಳುತ್ತೇವೆ. ನನ್ನವಳು ಪ್ರತಿ ವರ್ಷ ದೇವರಿಗೆ ಕೊಟ್ಟ ಮೇಲೆ ಕಾರಿಗೆ ಕೊಡುವಳು, ನನ್ನ ಪಾಳಿ ಆಮೇಲೆ. "ಗಂಡಗಿಂತ ಗಾಡಿ ಹೆಚ್ಚಾತೇನು?" ಎಂದು ಕಾಡಿಸಿದರೆ, "ಗಾಡಿ ಬೈಯೂದಿಲ್ರಿ" ಎನ್ನುವಳು. ಗಾಳಿಗೆ ಹಾರಬಾರದೆಂದು ವೈಪರ್ ಎತ್ತಿ ಅದರ ಕೆಳಗೆ ಒತ್ತಿ ಇಡುವಳು. ಬಂಗಾರವನ್ನು ಯಾರಾದರೂ ಕಸದ ಜೊತೆ ಗುಡಿಸುತ್ತಾರೆಯೇ? ತೊಳೆಯಲು ಬರುವವನಿಗೂ ಅದನ್ನು ಮುಟ್ಟಗೊಡುತ್ತಿರಲಿಲ್ಲ. ಹಾರಿಹೋಗದ ಬಂಗಾರ ವರ್ಷ ವರ್ಷವೂ ಒಳಗೆ ಇಳಿದಿತ್ತು.

ಮನೆಗೆ ಬಂದು, ಬೇವಿನ ಎಲೆ ಸಿಕ್ಕಿಕೊಂಡಿತ್ತು ಅಂದೆ. ಅಂಗಳದ ಬೇವಿನ ಗಿಡಕ್ಕೆ ಅವಳು ಮಲಗಿದಲ್ಲಿಂದಲೇ ಬೈದಳು. ಎಷ್ಟೋ ದಿನಗಳ ಮೇಲೆ ಅವಳ ಬಾಯಲ್ಲಿ ಅಷ್ಟು ಜೋರು ಕೇಳಿ ನನಗೆ ಖುಷಿಯೂ ಆಯಿತು. "ಹೋಗ್ಲಿ ಬಿಡ್ರಿ, ರೋಗ ಸಿಕ್ತಲ್ಲ. ಇನ್ನ ರಿಪೇರಿ ಆಗ್ತದ" ಎಂದಳು.

ಆಗಲಿಲ್ಲ. ಆ ಡಬ್ಬಿ ಈಗ ತಯಾರಾಗುವುದೇ ಇಲ್ಲವಂತೆ. ಮುಂಬೈಯ ಗುಜರಿಯಿಂದ ಒಂದನ್ನು ತರಿಸಿದೆವು. ಬೇರೆ ಕಾರಿನದನ್ನು ನಮ್ಮದು ಒಪ್ಪಲಿಲ್ಲ. ಹಳೆಯದನ್ನೇ ಒಣಗಿಸಿ, ತಿಕ್ಕಿ, ಮತ್ತೆ ಕೂಡಿಸಿದರು. ಗಜೇಂದ್ರಗಡದಿಂದ ಹೇಗೋ ಮನೆಯ ಅಂಗಳ ಮುಟ್ಟಿತು. ಆಮೇಲೆ ಚಾವಿ ತಿರುಗಿಸಿದರೆ ದೀಪವೂ ಹತ್ತಲಿಲ್ಲ. ರೋಗ ಗೊತ್ತಾದರೆ ಅರ್ಧ ವಾಸಿ ಎಂದುಕೊಂಡಿದ್ದೆ. ನಮ್ಮ ಮನೆಯಲ್ಲಿ ಎರಡು ರೋಗಗಳೂ ಗೊತ್ತಾಗಿದ್ದವು.

ಮುಂದಿನ ಸಲ ಬಾಡಿಗೆ ಗಾಡಿ. ಪ್ರತಿ ತಗ್ಗಿಗೂ ಅವಳು ನನ್ನ ಮುಂಗೈ ಹಿಡಿದಳು. ಹುಬ್ಬಳ್ಳಿಯ ಡಾಕ್ಟರು ನನ್ನೊಬ್ಬನನ್ನೇ ಒಳಗೆ ಕರೆದು, "ಇನ್ನ ಇವರನ್ನ ಇಷ್ಟ ದೂರ ತರಬ್ಯಾಡ್ರಿ" ಎಂದರು.

ದಸರೆಯ ಸಂಜೆ, ಕಾರಿನ ಹತ್ತಿರ ಕರೆದೊಯ್ಯಲು ಹೇಳಿದಳು. ಎತ್ತಿಕೊಂಡು ಹೋದೆ, ಭಾರವೇ ಇರಲಿಲ್ಲ. ಬಾನೆಟ್ಟಿನ ಮೇಲೆ ಧೂಳು ಕೂತಿತ್ತು. ಸೆರಗಿನಿಂದ ಒಂದಿಷ್ಟು ಒರೆಸಿ, ಮುಷ್ಟಿಯಲ್ಲಿದ್ದ ಬನ್ನಿ ತೋರಿಸಿ, "ಬಂಗಾರದಾಂಗ ಇರಪಾ" ಎಂದು ಗಾಡಿಗೆ ಹೇಳಿದಳು. ಆಮೇಲೆ ನನ್ನ ಕಡೆ ತಿರುಗಿ, "ನಾ ಇಲ್ಲಂದ್ರೂ ಪ್ರತಿ ವರ್ಷಾ ಇದಕ್ಕ ಬನ್ನಿ ಕೊಡ್ರಿ. ಮರೀಬ್ಯಾಡ್ರಿ" ಎಂದಳು.

ಆಗಲಿ ಎಂದೆ. ವೈಪರ್ ಎತ್ತಲು ಹೋದಳು, ಕೈಯಲ್ಲಿ ಬಲ ಇರಲಿಲ್ಲ. ಅವಳನ್ನು ಒಂದು ತೋಳಿನಲ್ಲಿ ಆನಿಸಿಕೊಂಡು, ಇನ್ನೊಂದು ಕೈಯಿಂದ ವೈಪರನ್ನು ನಾನೇ ಎತ್ತಿ ಹಿಡಿದೆ.