ಕಾರ್ಟೂನ್ ಬೆಕ್ಕಿಗೆ ಕನ್ನಡ ತುಂಬಿದ್ದು

ಸಿನಿಮಾಕ್ಕೆ ಸದ್ದು ಬಂದ ಹೊಸತರ ಕಾರ್ಟೂನುಗಳಷ್ಟು ಪೆದ್ದುಪೆದ್ದಾದದ್ದನ್ನು ನಾನು ಬೇರೆ ನೋಡಿಲ್ಲ. ಕಪ್ಪು ಬಿಳುಪಿನ ಏಳು ನಿಮಿಷ. ಅಷ್ಟರಲ್ಲಿ ಒಲೆ ಕುಣಿಯುತ್ತದೆ, ಬಾಣಲೆ ಕುಣಿಯುತ್ತದೆ, ಹಗ್ಗಕ್ಕೆ ಒಣಹಾಕಿದ ಚಡ್ಡಿಯೂ ತಾಳ ತಪ್ಪದೆ ಕುಣಿಯುತ್ತದೆ. ಹೊಸ ಹಾರ್ನ್ ಹಾಕಿಸಿಕೊಂಡ ಬಸ್ಸಿನವರ ಹಾಗೆ, ಸದ್ದು ಸಿಕ್ಕಿದ್ದೇ ತಡ, ಎಲ್ಲದಕ್ಕೂ ಪೀಂ ಪೀಂ. ಕತೆಯಂತೂ ಇಲ್ಲವೇ ಇಲ್ಲ.

ಗಲ್ಫಿನ ಈ ಅಬ್ಬಾಸಿಯಾದಲ್ಲಿರುವ ನಮ್ಮ ಕನ್ನಡ ಕೂಟದವರಿಗೆ ಇಂಥವೇ ಬೇಕಾಗಿದ್ದವು. ಶುಕ್ರವಾರದ ಕನ್ನಡ ತರಗತಿ ನಡೆಸುವ ಟೀಚರು, ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ಕೊಂಕಣಿ ಹೆಂಗಸು, ಒಂದು ಉಪಾಯ ಮಾಡಿದ್ದರು. ಇವುಗಳಲ್ಲಿ ವಾದ್ಯ ಬಿಟ್ಟರೆ ಮಾತಿಲ್ಲ. ಮಕ್ಕಳೇ ಮೈಕ್ ಹಿಡಿದು ಕನ್ನಡದಲ್ಲಿ ಮಾತು ತುಂಬಲಿ ಎಂದು. ಶಾಲೆಯಲ್ಲಿ ಇಂಗ್ಲಿಷ್, ಲಿಫ್ಟಿನಲ್ಲಿ ಹಿಂದಿ ಆಡುವ ಮಕ್ಕಳಿಗೆ ಬೆಕ್ಕು, ಕಪ್ಪೆಗಳು ಕನ್ನಡ ಕಲಿಸುತ್ತವಂತೆ!

ಆದರೂ ಹೋದೆ. ಏಳು ವರ್ಷದ ನನ್ನ ಮಗಳು ಅದುವರೆಗೆ ಕನ್ನಡದಲ್ಲಿ ಒಂದು ಪೂರ್ತಿ ವಾಕ್ಯ ಆಡಿರಲಿಲ್ಲ. ಹೇಳಿದ್ದೆಲ್ಲ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಅದು ನನ್ನ ಹೊಟ್ಟೆ ಉರಿಸುತ್ತಿತ್ತು.

ಮೊದಲು ಅಧ್ಯಕ್ಷರು ಮಾದರಿ ತೋರಿಸಿದರು. ಮಿರ್ಕಾಬ್ ಪೇಟೆಯಲ್ಲಿ ಅಂಗಡಿ ಇಟ್ಟವರು, ಊರಲ್ಲಿ ಎಂದೋ ನಾಟಕ ಮಾಡಿದ ಗತ್ತು ಇನ್ನೂ ಇಳಿದಿಲ್ಲ. ಬೆಕ್ಕಿನ ಬಾಯಿಗೆ ‘ಎಲೈ ಮಂಡೂಕವೇ’ ಎಂದು ತುರುಕಿದರು. ಅವರು ಒಂದು ಮಾತು ಮುಗಿಸುವಷ್ಟರಲ್ಲಿ ಬೆಕ್ಕು ಹೊರಟೇ ಹೋಗಿತ್ತು. ಮಕ್ಕಳೆಲ್ಲ ಸಮೋಸದ ಟ್ರೇ ನೋಡುತ್ತಿದ್ದರು.

ಆಮೇಲೆ ಮೈಕ್ ನನ್ನ ಮಗಳ ಕೈಗೆ ಬಂತು. ಪರದೆಯ ಮೇಲೆ ಡೊಳ್ಳುಹೊಟ್ಟೆಯ ಬೆಕ್ಕು ಬ್ಯಾಂಡಿನ ಯಜಮಾನ. ಪೀಪಿಯನ್ನು ತಪ್ಪುತಪ್ಪಾಗಿ ಊದಿದ ಪುಟ್ಟ ಕಪ್ಪೆಗೆ ಅದು ಬೈಯಬೇಕು. ಇವಳು ಬಾಯಿ ಬಿಡುವವಳಲ್ಲ ಎಂದು ನಾನು ಆಗಲೇ ಮುಖ ತಿರುಗಿಸಿದ್ದೆ.

“ಎಂತ ಮಾರಾಯ್ತಿ ಇದು? ಎಷ್ಟು ಸಲ ಹೇಳಿಕೊಡುದು? ಮಂಡೆಯಲ್ಲಿ ಎಂತ ಉಂಟು ನಿಂಗೆ? ಖಲಾಸ್, ನಿಂಗೆ ಹೇಳಿ ಪ್ರಯೋಜನ ಇಲ್ಲ.”

ಎಲ್ಲೂ ತಡವರಿಸಲಿಲ್ಲ. ಬೆಕ್ಕಿನ ಬಾಯಿಗೆ ಸರಿಯಾಗಿ ಕೂತಿತು. ಇಡೀ ಹಾಲ್ ನಕ್ಕಿತು. ನನಗೆ ಮಾತ್ರ ನಗಲಾಗಲಿಲ್ಲ. ಆ ಧಾಟಿ ನನ್ನದು. ಅವಳಮ್ಮ ಜಹ್ರಾದ ಕ್ಲಿನಿಕ್ಕಿನಲ್ಲಿ ಕೆಲಸ ಮುಗಿಸಿ ಬರುವವರೆಗೆ ದಿನಾ ಸಂಜೆ ಹೋಂವರ್ಕಿಗೆ ಕೂರಿಸಿಕೊಂಡು ನಾನು ಅವಳ ಹತ್ತಿರ ಆಡುವ ಕನ್ನಡ. ನನ್ನಿಂದ ಅವಳಿಗೆ ಸಿಕ್ಕ ಕನ್ನಡ ಹೆಚ್ಚುಕಡಿಮೆ ಅಷ್ಟೇ. ನಾಚಿಕೆಯಾಯಿತು.

ಪಕ್ಕದಲ್ಲಿದ್ದ ಬ್ಯಾರಿ ಮಿತ್ರರು, ಮಗಳು ಎಷ್ಟು ಚಂದ ಮಾತಾಡುತ್ತಾಳೆ, ನೀವೇ ಕಲಿಸಿದ್ದಾ ಎಂದು ಕೇಳಿದರು. ಹೌದು ಎಂದೆ.

ಟೀಚರು ಚಿತ್ರ ನಿಲ್ಲಿಸಿ, ಈಗ ಕಪ್ಪೆ ಏನು ಹೇಳುತ್ತದೆ ಎಂದು ಅವಳನ್ನೇ ಕೇಳಿದರು. ಅವಳು ಪರದೆ ನೋಡಲಿಲ್ಲ, ನನ್ನನ್ನು ನೋಡಿದಳು. ಮೈಕನ್ನು ಎರಡೂ ಕೈಯಲ್ಲಿ ಹಿಡಿದು ಸಣ್ಣ ದನಿಯಲ್ಲಿ ಹೇಳಿದಳು:

“ಸಾರಿ, ಪಪ್ಪಾ.”