ಲವಂಗ ಘಮಿಸುವ ಕಂಬಳಿ

ಇದನ್ನು ಹೇಳುವುದನ್ನು ಇಷ್ಟು ವರ್ಷ ಮುಂದೂಡುತ್ತಲೇ ಬಂದೆ. ರಾಮಗಿರಿ ಕಡೆ ನನ್ನ ಹಾಗೆಯೇ ಕುರಿ ಮೇಯಿಸುವ ಹೆಂಗಸೊಬ್ಬಳಿದ್ದಳು. ಕಿವಿಯ ಹಿಂದೆಯೂ ಹೆಗಲ ಕಂಬಳಿಗೂ ಲವಂಗ, ಶ್ರೀಗಂಧ ಬೆರೆತ ಅತ್ತರು ಹಚ್ಚಿಕೊಂಡೇ ಹೊರಡುವಳು. ಆಕೆ ಇನ್ನೂ ತಿರುವಿನಾಚೆ ಇರುವಾಗಲೇ ಆ ಖಾರದ ಘಮ ನಮ್ಮನ್ನು ಮುಟ್ಟುತ್ತಿತ್ತು.

“ಕುರಿ ಕಾಯಾಕೆ ಅತ್ತರು ಯಾಕಮ್ಮ, ಮದುವೆಗೆ ಹೊಂಟೀಯೇನು?” ಎಂದು ಕೆಣಕುತ್ತಿದ್ದೆ.

“ಬಂದಿದ್ದು ಯಾರು ಅಂತ ಗೊತ್ತಾಗ್ಬೇಕಲ್ಲಣ್ಣ,” ಎಂದು ನಗುವಳು. ಯಾರು ಕೇಳಿದರೂ ಅದೇ ಉತ್ತರ.

ಒಂದು ಸಂಜೆ ಕೆರೆಯ ಬಳಿ ನಮ್ಮಿಬ್ಬರ ಹಿಂಡುಗಳು ಬೆರೆತುಹೋದವು. ಆಕೆಯ ಕೊಬ್ಬಿದ ಕುರಿಗಳನ್ನು ಕಂಡು ನನಗೆ ಆಸೆಯಾಯಿತು. ಕೆಲವನ್ನು ನನ್ನವೇ ಎಂದೆ. ಊರವರ ಎದುರು ಆಕೆಯನ್ನು ಕಳ್ಳಿ ಎಂದೂ ಕರೆದೆ.

“ನಿನ್ನವಾದ್ರೆ ಕೂಗಮ್ಮ, ನೋಡಾಣ,” ಎಂದರು ಒಬ್ಬ ಹಿರಿಯರು.

“ಕೂಗಿದ್ರೆ ಯಾವ ಕುರಿಯಾದ್ರೂ ಬರ್ತೈತೆ,” ಎಂದು ನಾನು ಅಡ್ಡ ಹಾಕಿದೆ.

“ಕೂಗಲ್ಲ ಬಿಡಣ್ಣ,” ಎಂದ ಆಕೆ ಗಾಳಿ ಬರುವ ಕಡೆ ಹೋಗಿ, ಕಂಬಳಿಯನ್ನು ಒಮ್ಮೆ ಕೊಡವಿ, ಬೆನ್ನು ತಿರುಗಿಸಿ ನಡೆದಳು. ನಾನು ನನ್ನವೆಂದಿದ್ದ ಕುರಿಗಳು ತಲೆ ಎತ್ತಿದವು. ನನ್ನ ಕಾಲಿಗೇ ಉಜ್ಜಿಕೊಂಡು ಆಕೆಯ ಹಿಂದೆ ಓಡಿದವು. ನನ್ನವು ಒಂದೂ ಕದಲಲಿಲ್ಲ. ಜನ ಶಿಳ್ಳೆ ಹೊಡೆದರು.

“ಗೊತ್ತಾಯ್ತೇನಣ್ಣ, ಬಂದಿದ್ದು ಯಾರು ಅಂತ?” ಆಕೆ ತಿರುಗಿಯೂ ನೋಡಲಿಲ್ಲ.

ಅಂದು ಕ್ಷಮೆ ಕೇಳಲಿಲ್ಲ, ಆಮೇಲೂ ಕೇಳಲಿಲ್ಲ. ಹಾಗಾಗಿ ಆಕೆಯ ಹೆಸರು ನನ್ನ ಬಾಯಲ್ಲಿ ಬೇಡ. ಸಂತೆಯಲ್ಲಿ ಇಂದಿಗೂ ಆ ಘಮ ಬಂದರೆ, ಯಾರೆಂದು ನೋಡದೆಯೇ ಸರಿದು ದಾರಿ ಬಿಡುತ್ತೇನೆ.