ಕಿರುಚುವ ಡಬ್ಬಿ

ನಮ್ಮ ಮನೆಯಲ್ಲಿ ಯಾರಿಗೂ ಮೆಲ್ಲಗೆ ಮಾತಾಡಲು ಬರುವುದಿಲ್ಲ. ದೊಡ್ಡಬಳ್ಳಾಪುರದ ಮಗ್ಗದ ಬೀದಿಯವರ ಹಣೆಬರಹ ಅದು. ಹಗಲೆಲ್ಲ ಪವರ್‌ಲೂಮುಗಳ ಸದ್ದಿನಲ್ಲಿ ಬದುಕುವವರು ಉಪ್ಪು ಕೇಳಿದರೂ ಜಗಳಕ್ಕೆ ನಿಂತ ಹಾಗಿರುತ್ತದೆ. ದೇವನಹಳ್ಳಿಯ ತವರಿಗೆ ಹೋದರೆ ಅಮ್ಮ, "ಯಾಕೇ ಹಂಗೆ ಕಿರುಚ್ತೀಯಾ, ನಂಗೇನು ಕಿವುಡಾ?" ಎಂದು ರೇಗುತ್ತಾಳೆ.

ಇಂಥ ಮನೆಗೆ ನನ್ನ ಯಜಮಾನರು ಬೆಂಗಳೂರಿನಿಂದ ಒಂದು ಕಿರುಚುವ ಯಂತ್ರ ತಂದರು. ತೊಂಬತ್ತರ ದಶಕದ ಮಾತು. ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದು, ಬ್ಯಾಟರಿಯದು. ಹೆಣ್ಣುಮಕ್ಕಳ ಮೈಮೇಲೆ ಯಾರಾದರೂ ಕೈಹಾಕಿದರೆ ಗುಂಡಿ ಒತ್ತಬೇಕು, ಅದು ಕೂಗಿಕೊಳ್ಳುತ್ತದೆ, ಬಂದವನು ಓಡಿಹೋಗುತ್ತಾನೆ ಎಂದು ಅಂಗಡಿಯವನು ಹೇಳಿದನಂತೆ. ನನ್ನ ನಾದಿನಿ ಪುಷ್ಪ ಆಗ ದಿನಾ ಬಸ್ಸಿನಲ್ಲಿ ಬೆಂಗಳೂರಿನ ಕಾಲೇಜಿಗೆ ಹೋಗುತ್ತಿದ್ದಳು. "ಇದು ಬ್ಯಾಗಲ್ಲಿದ್ರೆ ಕಾಲೇಜು, ಇಲ್ದಿದ್ರೆ ಮನೆ" ಎಂದು ಅವಳ ಅಣ್ಣ ಕಟ್ಟುನಿಟ್ಟು ಮಾಡಿದರು. ನೋಡೋಣವೆಂದು ಹಜಾರದಲ್ಲೇ ಒತ್ತಿದೆವು. ಅಕ್ಕಪಕ್ಕದ ಮಗ್ಗದವರು ಒಬ್ಬರೂ ಇಣುಕಲಿಲ್ಲ. ಹಿತ್ತಲಿನಿಂದ ಅತ್ತೆ ಮಾತ್ರ, "ಕುಕ್ಕರ್ ಇಳ್ಸೇ" ಎಂದರು.

ಡಬ್ಬಿಯ ಮೇಲೊಂದು ಚಿತ್ರವಿತ್ತು: ಕತ್ತಲ ಗಲ್ಲಿ, ಬೆದರಿದ ಹುಡುಗಿ, ಕಪ್ಪು ಕೋಟು ತೊಟ್ಟ ಅಪರಿಚಿತ. ನಮ್ಮೂರಲ್ಲಿ ಕಪ್ಪು ಕೋಟು ಹಾಕುವವರು ವಕೀಲರು ಮಾತ್ರ. ಮೊದಲು ನಕ್ಕೆ, ಆಮೇಲೆ ಯೋಚನೆಗೆ ಬಿದ್ದೆ. ನಾನು ಓದುವಾಗ ಚೀಲದಲ್ಲಿ ಪಿನ್ನು, ಖಾರದಪುಡಿ ಪೊಟ್ಟಣ, ಇವಳಿಗೆ ಬ್ಯಾಟರಿ. ನಿಮ್ಮ ಮಗ ಕೈ ನೆಟ್ಟಗಿಟ್ಟುಕೊಳ್ಳಲು ಇದನ್ನು ಕೊಳ್ಳಿ ಎಂದು ಯಾವ ಅಂಗಡಿಯವನೂ ಕರೆದದ್ದು ನಾನು ಕೇಳಿಲ್ಲ. ಅಂಥ ಮಾಲು ತಯಾರಾಗುವುದೇ ಇಲ್ಲವೋ, ತಯಾರಾದರೂ ಕೊಳ್ಳುವವರಿಲ್ಲವೋ.

ಒಂದು ಸಂಜೆ ಪುಷ್ಪ ಬಂದವಳೇ ಬಚ್ಚಲಿಗೆ ಹೋಗಿ ತೋಳು ಉಜ್ಜಿ ಉಜ್ಜಿ ತೊಳೆದುಕೊಂಡಳು. ಬಸ್ಸಿನಲ್ಲಿ ನಮ್ಮ ನೂಲಿನ ಸಾಹುಕಾರರು, "ಬಾಮ್ಮಾ, ಕೂತ್ಕೋ" ಎಂದು ಪಕ್ಕದಲ್ಲಿ ಜಾಗ ಕೊಟ್ಟರಂತೆ. ಯಲಹಂಕ ದಾಟಿದ ಮೇಲೆ ಅವರ ಕೈ ಅವಳ ಮೈಮೇಲಿತ್ತು. ಇನ್ನು ಮರ್ಯಾದೆ ಕೊಟ್ಟು ಬರೆಯಲಾರೆ. ವಾರಕ್ಕೊಮ್ಮೆ ನಮ್ಮ ಹಜಾರದಲ್ಲಿ ಕೂತು ಕಾಫಿ ಕುಡಿಯುವವನು ಅವನು. ಅವನು ನೂಲು ಕೊಟ್ಟರೆ ನಮ್ಮ ಮಗ್ಗ ಓಡುತ್ತಿತ್ತು.

ಯಜಮಾನರ ಬಾಯಿಂದ ಮೊದಲು ಬಂದ ಮಾತು, "ಅದನ್ಯಾಕೆ ಒತ್ಲಿಲ್ಲ ನೀನು?"

ನನಗೆ ಮೈ ಉರಿದುಹೋಯಿತು. ಪುಷ್ಪ ಅಣ್ಣನ ಮುಖವನ್ನೇ ನೋಡುತ್ತಾ, "ಒತ್ತಿದ್ರೆ ಯಾರಿಗಣ್ಣಾ ಕೇಳ್ಬೇಕಿತ್ತು? ಈಗ ಬಾಯ್ಬಿಟ್ಟು ಹೇಳ್ತಿದೀನಿ, ನಿಂಗೇ ಕೇಳಿಸ್ತಿಲ್ಲ" ಎಂದಳು.

ಮಾರನೆಯ ದಿನ ಅವಳು ಕಾಲೇಜಿಗೆ ಹೋಗಲಿಲ್ಲ. ಅದರ ಮಾರನೆಯ ದಿನವೂ ಇಲ್ಲ. ಅವನು ಆರಾಮಾಗಿ ಬಸ್ಸಿನಲ್ಲಿ ಓಡಾಡಿಕೊಂಡಿದ್ದ, ಇವಳು ಮನೆ ಹಿಡಿದಳು. ಓದು ಅಲ್ಲಿಗೇ ನಿಂತೀತೆಂದು ನನಗೆ ದಿಗಿಲಾಯಿತು. ಯಜಮಾನರು ತಟ್ಟೆ ಮುಂದೆ ಕೂತು ಹಾಗೇ ಏಳುತ್ತಿದ್ದರು. ನೂಲು ನಿಂತರೆ ಗತಿಯೇನು ಎಂಬ ಚಿಂತೆ ನನಗೂ ಇತ್ತು, ಸುಳ್ಳು ಯಾಕೆ ಹೇಳಲಿ.

ಆ ವಾರವೂ ಸಾಹುಕಾರ ಬಂದು ಮೆಟ್ಟಿಲ ಬಳಿ ಚಪ್ಪಲಿ ಬಿಟ್ಟ. ಯಜಮಾನರು ಬಾಗಿಲಿಗೆ ಅಡ್ಡ ನಿಂತರು. "ಒಳಗೆ ಬರ್ಬೇಡಿ. ನಿಮ್ಮ ನೂಲೂ ಬೇಡ."

ಪುಷ್ಪಳ ಹೆಸರನ್ನು ಯಾರೂ ಎತ್ತಿರಲಿಲ್ಲ. ಅವನೇ, "ಏನಪ್ಪಾ, ಒಂದ್ ಹುಡ್ಗಿ ಮಾತು ಕೇಳ್ಕೊಂಡು ನನ್ನನ್ನ ಬೀದೀಲಿ ನಿಲ್ಲಿಸ್ತೀಯಾ?" ಎಂದ.

"ಹೂಂ. ಅವಳ ಮಾತೇ ಕೇಳ್ಕೊಂಡು."

ಅವನು ಚಪ್ಪಲಿಗಾಗಿ ಕಾಲಲ್ಲಿ ತಡಕಾಡುತ್ತಿದ್ದಾಗಲೇ ಪುಷ್ಪ ಪುಸ್ತಕ ಎತ್ತಿಕೊಂಡು ಅವನ ಪಕ್ಕದಲ್ಲೇ ಹಾದು ಬಸ್‌ಸ್ಟ್ಯಾಂಡಿಗೆ ಹೊರಟಳು. ಬೇರೆ ಕಡೆ ನೂಲು ಹುಟ್ಟಿಸಲು ನಾವು ಪಟ್ಟ ಪಾಡು ದೇವರಿಗೇ ಗೊತ್ತು. ಅದನ್ನು ಪಡುವ ಸರದಿ ನಮ್ಮದಾಗಿತ್ತು, ಪಟ್ಟೆವು.